ಕೆರೆ ಹಕ್ಕಿ ಫೋಟೊ: ಮೂರೇ ಸೂತ್ರ

ಕೆರೆ ತುಂಬ ಹಕ್ಕಿ.
ನಿಮ್ಮ ಫೋಟೊದಲ್ಲಿ ಮಾತ್ರ ಬರೀ ಕಪ್ಪು ಚುಕ್ಕಿ.
ಯಾಕೆ ಹೀಗೆ?

ಬನ್ನಿ, ಗದಗ ಜಿಲ್ಲೆಯ ಮಾಗಡಿ ಕೆರೆಗೆ.
2024ರಲ್ಲಿ ರಾಮ್ಸಾರ್ ಪಟ್ಟಿ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದ ಕೆರೆ ಇದು.
ಚಳಿಗಾಲ ಬಂತು ಅಂದ್ರೆ
ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬಂದಿಳೀತವೆ.

ಮೊದಲನೇದು, ಬೆಳಕು.
ಬೆಳಗ್ಗೆ ಬೇಗ ಹೋಗಿ.
ಸೂರ್ಯ ನಿಮ್ಮ ಬೆನ್ನಿಗಿರಲಿ.
ಎದುರಿಗಿದ್ರೆ, ಹೆಬ್ಬಾತಿನ ಬಿಳಿ ತಲೆ ಮೇಲಿನ
ಎರಡು ಕಪ್ಪು ಪಟ್ಟೆ ಕಾಣೋದೇ ಇಲ್ಲ.

ಎರಡನೇದು, ಎತ್ತರ.
ಏರಿ ಮೇಲೆ ನಿಂತು ತೆಗೀಬೇಡಿ.
ಪುಟ್ಟ ಮಗುವಿನ ಫೋಟೊಗೆ ಮಂಡಿಯೂರ್ತೀವಲ್ಲ,
ಹಾಗೇ ಕೆಳಗೆ ಕೂತ್ಕೊಳ್ಳಿ.
ಲೆನ್ಸ್ ಹಕ್ಕಿ ಕಣ್ಣಿನ ಮಟ್ಟಕ್ಕೆ ಬಂದ್ರೆ
ಹಿಂದಿನ ನೀರು ಮಸುಕಾಗಿ,
ಹಕ್ಕಿ ಎದ್ದು ಕಾಣುತ್ತೆ.

ಮೂರನೇದು, ವೇಗ.
ಹಾರೋ ಹಕ್ಕಿಗೆ ಶಟರ್ ಸ್ಪೀಡ್ 1/2000 ಇಡಿ.
ಫೋಕಸ್ ಕಣ್ಣಿನ ಮೇಲೆ.
ಹಾರೋ ದಿಕ್ಕಲ್ಲಿ ಸ್ವಲ್ಪ ಜಾಗ ಬಿಡಿ.

ಹಕ್ಕಿ ಮೇಯೋದು ಬಿಟ್ಟು,
ಕತ್ತೆತ್ತಿ ನಿಮ್ಮನ್ನೇ ನೋಡ್ತಿದ್ಯಾ?
ನೀವು ತುಂಬಾ ಹತ್ರ ಹೋಗಿದ್ದೀರಿ. ಹಿಂದೆ ಸರೀರಿ.

ಹಾರಿಸೋಕೆ ಅಂತ ಕಲ್ಲು ಎಸೀಬೇಡಿ,
ಚಪ್ಪಾಳೆ ತಟ್ಟಬೇಡಿ.
ಡ್ರೋನ್ ಅಂತೂ ಬೇಡವೇ ಬೇಡ.