ತೊಗಲು ಬಿಗಿಯುವ ಬೇನೆ

ಮಾಗಿಯ ಬೆಳಗಿನಲ್ಲಿ ತಣ್ಣೀರಿಗೆ ಕೈಯಿಟ್ಟು ಪಾತ್ರೆ ತೊಳೆಯುತ್ತಿರುವ ಗೃಹಿಣಿಯೊಬ್ಬಳ ಬೆರಳ ತುದಿಗಳು ಥಟ್ಟನೆ ಸುಣ್ಣದಂತೆ ಬಿಳಿಚಿ, ಜೋಮು ಹಿಡಿದು, ನೀಲಿಗೆ ತಿರುಗಿ, ಬೆಚ್ಚಗಾದ ಮೇಲೆ ಕೆಂಪೇರಿ ಉರಿಯತೊಡಗಿದರೆ, ಮನೆಯವರು ಅದನ್ನು ಚಳಿಯ ಮೇಲೆ ಹೊರಿಸಿ ಸುಮ್ಮನಾಗುವುದು ಸಹಜ. 1862ರಲ್ಲಿ ಫ್ರಾನ್ಸಿನ ವೈದ್ಯ ಮೋರಿಸ್ ರೇನೋ ವರ್ಣಿಸಿದ ಈ ಲಕ್ಷಣವು ಬಹುಮಂದಿಯಲ್ಲಿ ನಿರುಪದ್ರವಿಯಾದುದೇ. ಆದರೆ ಕೆಲವರಲ್ಲಿ ಅದು ಸ್ಕ್ಲೆರೋಡರ್ಮ ಎಂಬ ವ್ಯಾಧಿಯ ಪ್ರಥಮ ಸೂಚನೆಯಾಗಿ, ಚರ್ಮದಲ್ಲಿ ಯಾವ ವಿಕಾರವೂ ತೋರುವುದಕ್ಕೆ ವರ್ಷಗಳ ಮೊದಲೇ ಕಾಣಿಸಿಕೊಳ್ಳುವುದುಂಟು.

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಹಾದಿ ತಪ್ಪಿ ಸೂಕ್ಷ್ಮ ರಕ್ತನಾಳಗಳನ್ನು ಪೀಡಿಸುವುದರಿಂದಲೂ, ಗಾಯ ಮಾಯಿಸತಕ್ಕ ಕೊಲಾಜೆನ್ ಎಂಬ ನಾರಿನ ದ್ರವ್ಯವು ಗಾಯವಿಲ್ಲದೆಡೆಯೂ ಮಿತಿಮೀರಿ ಸಂಚಯವಾಗುವುದರಿಂದಲೂ ತೊಗಲು ದಪ್ಪಗಾಗಿ ಬಿಗಿಯುತ್ತದೆ. ಬೆರಳಿನ ಉಂಗುರ ಕಳಚಲು ಬಾರದು. ಮುಷ್ಟಿ ಪೂರ್ತಿ ಮುಚ್ಚದು. ತುತ್ತಿಗೆ ಬಾಯಿ ಸಾಕಷ್ಟು ತೆರೆಯದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಸ್ಥಾನಿಕ ಪ್ರಭೇದವು ಚರ್ಮದ ಮಚ್ಚೆ ಪಟ್ಟೆಗಳಿಗೂ ಅದರ ಕೆಳಗಿನ ಅಂಗಾಂಶಕ್ಕೂ ಸೀಮಿತವಾದರೆ, ಸರ್ವಾಂಗವ್ಯಾಪಿ ಪ್ರಭೇದವು ಅನ್ನನಾಳ, ಶ್ವಾಸಕೋಶ, ಹೃದಯ, ಮೂತ್ರಪಿಂಡಗಳನ್ನೂ ಹಿಡಿಯುತ್ತದೆ.

ಪುರುಷರಿಗಿಂತ ಸ್ತ್ರೀಯರನ್ನು ಹಲವು ಪಟ್ಟು ಹೆಚ್ಚಾಗಿ, ಬಹುಪಾಲು 30ರಿಂದ 50ರ ವಯಸ್ಸಿನಲ್ಲಿ, ಎಂದರೆ ಸಂಸಾರದ ಭಾರ ಹೆಗಲ ಮೇಲಿರುವ ಕಾಲದಲ್ಲಿಯೇ, ಈ ಸರ್ವಾಂಗವ್ಯಾಪಿ ರೋಗ ಆಕ್ರಮಿಸುತ್ತದೆ. ಕಲ್ಲಿನ ಸಿಲಿಕಾ ಧೂಳನ್ನು ಬಹುಕಾಲ ಸೇವಿಸುವ ಕಲ್ಲುಕುಟಿಗರಿಗೂ ಗಣಿಗಾರರಿಗೂ ಇದರ ಭಯ ಹೆಚ್ಚೆಂಬುದು ಸಿದ್ಧವಾದ ಸಂಗತಿಯಾದುದರಿಂದ, ಗ್ರಾನೈಟ್ ಕ್ವಾರಿಗಳು ತುಂಬಿರುವ ನಮ್ಮ ನಾಡಿನಲ್ಲಿ ಈ ಮಾತನ್ನು ಹಗುರವಾಗಿ ಕಾಣಲಾಗದು. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವುದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯವೂ ಹೌದು.

ಜಗತ್ಪ್ರಸಿದ್ಧ ಚಿತ್ರಕಾರ ಪೌಲ್ ಕ್ಲೇ 1935ರಲ್ಲಿ ಕಾಯಿಲೆ ಬಿದ್ದು 1940ರ ಜೂನ್ 29ರಂದು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡನು. ಅವನನ್ನು ಕಾಡಿದುದು ಸ್ಕ್ಲೆರೋಡರ್ಮವೇ ಇರಬೇಕೆಂದು ವೈದ್ಯರು ಊಹಿಸಿದುದು ಅವನ ಮರಣಾನಂತರ. 1936ರಲ್ಲಿ ಕೇವಲ 25 ಕೃತಿಗಳನ್ನು ರಚಿಸಲು ಶಕ್ತನಾದ ಆತ, ನುಂಗಲು ಪಡಿಪಾಟಲು ಪಡುತ್ತಿದ್ದಾಗಲೇ, 1939ರಲ್ಲಿ ಸಾವಿರಕ್ಕೂ ಮಿಕ್ಕಿ ರಚಿಸಿದನೆಂಬುದನ್ನು ನೆನೆದಾಗ ಮನಸ್ಸು ತುಂಬಿಬರುತ್ತದೆ. ಅವನು ತೀರಿಕೊಂಡ ದಿನವನ್ನೇ ಈಗ ವಿಶ್ವ ಸ್ಕ್ಲೆರೋಡರ್ಮ ದಿನವಾಗಿ ಆಚರಿಸುತ್ತಾರೆ.

ಅವನ ಕಾಲಕ್ಕಿಲ್ಲದ ಆಶ್ರಯಗಳು ಇಂದು ಇವೆ. ರಕ್ತದೊತ್ತಡ ಹಠಾತ್ತನೆ ಏರಿ ಮೂತ್ರಪಿಂಡ ಕೆಡುವ ವಿಪತ್ತು ಒಂದು ಕಾಲಕ್ಕೆ ಮರಣಶಾಸನವೇ ಆಗಿತ್ತು. ಕ್ಯಾಪ್ಟೊಪ್ರಿಲ್ ಮತ್ತು ಅದರ ವರ್ಗದ ಔಷಧಿಗಳು ಬಂದ ಮೇಲೆ ಅನೇಕರು ಬದುಕಿ ಉಳಿದರು. ಸ್ಟಿರಾಯ್ಡ್ ಹೆಚ್ಚಿನ ಪ್ರಮಾಣದಲ್ಲಿ ಇದೇ ವಿಪತ್ತನ್ನು ತಂದೊಡ್ಡಬಹುದಾದ್ದರಿಂದ ಅದನ್ನು ಸ್ವಂತ ಬುದ್ಧಿಯಿಂದ ನುಂಗತಕ್ಕದ್ದಲ್ಲ. ರೋಗವನ್ನು ಸಮೂಲವಾಗಿ ಕಳೆಯುವ ಔಷಧ ಇನ್ನೂ ದೊರೆತಿಲ್ಲ. ಈಗ ಹೆಚ್ಚು ಪ್ರಾಣಹಾನಿಯಾಗುವುದು ಶ್ವಾಸಕೋಶದ ಮತ್ತು ಹೃದಯದ ತೊಡಕುಗಳಿಂದ. ಆದರೂ ಸರ್ವಾಂಗವ್ಯಾಪಿ ರೋಗದಲ್ಲಿಯೇ ಚರ್ಮದ ಬಿಗಿತ ಸೀಮಿತವಾಗಿರುವ ರೋಗಿಗಳಲ್ಲಿ ಅನೇಕರು ದಶಕಗಳ ಕಾಲ ಬಾಳುತ್ತಾರೆ; ಅದರ ಉಗ್ರ ರೂಪದಲ್ಲಿಯೂ ಮೊದಲ ಕೆಲವು ವರ್ಷ ಕಳೆದ ಬಳಿಕ ತೊಗಲು ಎಷ್ಟೋ ವೇಳೆ ತಾನಾಗಿ ಮೆದುವಾಗುತ್ತದೆ.

ಆದುದರಿಂದ, ಚಳಿಗೆ ಬಿಳಿಚುವ ಬೆರಳುಗಳೊಡನೆ ಊತ, ಬಿಗಿತ, ಬಿಡದ ಎದೆಯುರಿ, ಮೆಟ್ಟಿಲೇರಿದಾಗ ಏದುಸಿರು ಇವುಗಳಲ್ಲಿ ಯಾವುದೊಂದು ಕಂಡರೂ, ಮುಲಾಮು ಹಚ್ಚುತ್ತ ತಿಂಗಳುಗಟ್ಟಲೆ ಕಾಯದೆ, ರುಮಟಾಲಜಿ ತಜ್ಞರನ್ನು ಕಾಣಿರಿ.