ಬೆಳಕು ಬಣ್ಣ ಬದಲಿಸುವ ಬಗೆ

ಕೆಂಪು ಗಾಜಿನ ಮೂಲಕ ಹಾದ ಬೆಳಕು ಕೆಂಪಾಗಿ ಕಾಣುತ್ತದೆ. ಗಾಜು ಹೊಸ ಬಣ್ಣವನ್ನೇನೂ ಹುಟ್ಟಿಸಲಿಲ್ಲ. ಬಿಳಿಯ ಬೆಳಕಿನಲ್ಲಿದ್ದ ಉಳಿದ ಬಣ್ಣಗಳನ್ನು ತಡೆದು ಕೆಂಪನ್ನು ಮಾತ್ರ ಹೊರಗೆ ಬಿಟ್ಟಿತು. ಹಾಗಾದರೆ ಬರಿಯ ಕೆಂಪು ಬೆಳಕನ್ನೇ ಒಳಗೆ ಬಿಟ್ಟು, ಅದರಲ್ಲಿಲ್ಲದ ಬೇರೊಂದು ಬಣ್ಣವನ್ನು ಹೊರಗೆ ಪಡೆಯಬಹುದೆ? ಪಡೆಯಬಹುದೆಂದು 1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪೀಟರ್ ಫ್ರಾಂಕನ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಆ ಸಂಗತಿಯನ್ನು ಗಣಿತದ ಗೊಡವೆಯಿಲ್ಲದೆ ವಿವರಿಸುವುದು ನನ್ನ ಉದ್ದೇಶ. ಸಾಹಿತ್ಯ, ಚರಿತ್ರೆಗಳನ್ನು ಓದುವ ಮಿತ್ರರೂ ಹಿಂಜರಿಯದೆ ನನ್ನೊಡನೆ ಬರಬಹುದು.

ಬೆಳಕು ಒಂದು ವಿದ್ಯುತ್ಕಾಂತ ತರಂಗ. ಅದು ಅಣುವಿನ ಮೇಲೆ ಬಿದ್ದಾಗ ಅಣುವಿನೊಳಗಿನ ಎಲೆಕ್ಟ್ರಾನುಗಳು ತರಂಗದ ತಾಳಕ್ಕೆ ತಕ್ಕಂತೆ ತೂಗಾಡುತ್ತವೆ. ಸೂರ್ಯನ ಬೆಳಕಾಗಲಿ, ದೀಪದ ಬೆಳಕಾಗಲಿ ಅವನ್ನು ಜಗ್ಗುವುದು ಬಹಳ ಮೆಲ್ಲಗೆ. ಎರಡರಷ್ಟು ಜಗ್ಗಿದರೆ ಎರಡರಷ್ಟು ತೂಗಾಟ, ಮೂರರಷ್ಟು ಜಗ್ಗಿದರೆ ಮೂರರಷ್ಟು. ಈ ಲೆಕ್ಕವನ್ನು ಗ್ರಾಫಿನ ಹಾಳೆಯ ಮೇಲೆ ಗುರುತಿಸಿದರೆ ಸರಳರೇಖೆ ಬರುತ್ತದೆ. ಜಗ್ಗುವ ಬಲ ಮಿತಿಮೀರಿದರೆ ಏನಾದೀತು? ಜಾತ್ರೆಯ ಧ್ವನಿವರ್ಧಕವನ್ನು ನೆನೆಯಿರಿ. ಹದವಾಗಿ ಇಟ್ಟರೆ ಗಾಯಕನ ಕಂಠ ಇದ್ದಂತೆಯೇ ಕೇಳುತ್ತದೆ. ಪೂರ್ತಿ ಏರಿಸಿದರೆ ಕರ್ಕಶವಾಗುತ್ತದೆ. ಅವನು ಹಾಡದ ಸ್ವರಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ಹಾಡಿದ ಸ್ವರದ ಇಮ್ಮಡಿ, ಮುಮ್ಮಡಿ ಕಂಪನಗಳೂ ಆ ಹೊಸ ಸ್ವರಗಳಲ್ಲಿ ಇರುತ್ತವೆ. ಅಣುವಿನ ಪಾಡೂ ಇದೇ. ಗ್ರಾಫಿನ ರೇಖೆ ಎಲ್ಲಿ ಬಾಗುತ್ತದೆಯೋ ಅಲ್ಲಿ ಹೊಸ ಬಣ್ಣ ಹುಟ್ಟುತ್ತದೆ. ಇದಕ್ಕೆ ಅರೇಖೀಯ ಪ್ರತಿಕ್ರಿಯೆ ಎಂದು ಹೆಸರು.

ಅಷ್ಟು ಬಲವಾಗಿ ಜಗ್ಗುವ ಬೆಳಕು ಕೈಗೆ ಸಿಕ್ಕಿದ್ದು 1960ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದರು. ಮರುವರ್ಷ ಫ್ರಾಂಕನ್ ಅವರ ತಂಡ ಮಾಣಿಕ್ಯದ ಲೇಸರಿನ 694 ನ್ಯಾನೋಮೀಟರು ತರಂಗದೂರದ ಕೆಂಪು ಬೆಳಕನ್ನು ಕ್ವಾರ್ಟ್ಸ್ ಸ್ಫಟಿಕದೊಳಕ್ಕೆ ಹಾಯಿಸಿತು. ನ್ಯಾನೋಮೀಟರು ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಹೊರಬಂದ ಬೆಳಕಿನಲ್ಲಿ 347 ನ್ಯಾನೋಮೀಟರಿನ, ಅಂದರೆ ಇಮ್ಮಡಿ ಕಂಪನದ, ಕಣ್ಣಿಗೆ ಕಾಣದ ನೇರಳಾತೀತ ಕಿರಣವೂ ಇತ್ತು. ಛಾಯಾಚಿತ್ರದ ಫಲಕದ ಮೇಲೆ ಅದರ ಗುರುತು ಒಂದು ಸಣ್ಣ ಚುಕ್ಕೆ. ಆ ಚಿತ್ರ ಪತ್ರಿಕೆಯಲ್ಲಿ ಅಚ್ಚಾದಾಗ ಬಾಣದ ಗುರುತು ಇತ್ತು. ಬಾಣವು ತೋರಿಸುತ್ತಿದ್ದ ಚುಕ್ಕೆ ಮಾತ್ರ ಇರಲಿಲ್ಲ! ಅಚ್ಚಿಗೆ ಅಣಿಮಾಡಿದವರು ಅದನ್ನು ಕೊಳೆಯ ಕಲೆಯೆಂದು ತಿಳಿದು ಅಳಿಸಿದರೆಂದು ಹೇಳುತ್ತಾರೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕ್ವಾರ್ಟ್ಸ್ ಸ್ಫಟಿಕದಲ್ಲಿಯೂ, ಅದನ್ನು ಕರಗಿಸಿ ಆರಿಸಿದ ಗಾಜಿನಲ್ಲಿಯೂ ಇರುವುದು ಅದೇ ಸಿಲಿಕಾನ್, ಅದೇ ಆಕ್ಸಿಜನ್. ಆದರೂ ಸಾಮಾನ್ಯವಾಗಿ ಗಾಜಿನ ಒಡಲಿನಲ್ಲಿ ಇಮ್ಮಡಿ ಬೆಳಕು ಕೂಡಿಬರುವುದಿಲ್ಲ. ಏಕೆ? ತೇರೆಳೆಯುವವರನ್ನು ನೋಡಿ. ಎಲ್ಲರೂ ಒಂದೇ ಕಡೆಗೆ ಮುಖಮಾಡಿ ಮಿಣಿಯನ್ನು ಎಳೆದರೆ ತೇರು ನಡೆಯುತ್ತದೆ. ಅಷ್ಟೇ ಜನ, ಅಷ್ಟೇ ಬಲದಿಂದ ದಿಕ್ಕಿಗೊಬ್ಬರಂತೆ ಎಳೆದರೆ ಅದು ಕದಲದು. ಕ್ವಾರ್ಟ್ಸಿನಲ್ಲಿ ಪರಮಾಣುಗಳ ಜೋಡಣೆಗೆ ಒಂದು ಮುಖವಿದೆ. ಗಾಜಿನಲ್ಲಿ ಅವು ಅಡ್ಡಾದಿಡ್ಡಿ. ಎದುರುಬದುರು ಮುಖದವು ಹುಟ್ಟಿಸುವ ಇಮ್ಮಡಿ ತರಂಗಗಳು ಒಂದನ್ನೊಂದು ಕಳೆದುಬಿಡುತ್ತವೆ. ಮುಮ್ಮಡಿ ತರಂಗಕ್ಕೆ ಈ ಹಂಗಿಲ್ಲ. ಮುಖ ತಿರುಗಿದರೂ ಅದು ತಿರುಗುವುದಿಲ್ಲ. ಆದಕಾರಣ ಗಾಜೂ ಅದನ್ನು ಕೊಡಬಲ್ಲುದು.

ಹಾಗಾದರೆ ಕ್ರಮವಿಲ್ಲದ ಕಡೆ ಇಮ್ಮಡಿ ಬೆಳಕು ಪೂರ್ಣ ಶೂನ್ಯವೆ? ಅಲ್ಲ. ದ್ರವದ ಅಣುಗಳು ಕ್ಷಣಕ್ಷಣಕ್ಕೂ ಹೊರಳುತ್ತಿರುತ್ತವೆ. ಈ ಕಡೆ ಮುಖಮಾಡಿದವುಗಳೂ ಆ ಕಡೆಯವೂ ಯಾವ ಗಳಿಗೆಯಲ್ಲಿಯೂ ಲೆಕ್ಕಕ್ಕೆ ಸರಿಸಮವಾಗಿ ಒದಗುವುದಿಲ್ಲ. ಕಳೆದು ಉಳಿದ ಅಲ್ಪವು ಸುತ್ತಲೂ ಚೆದರುತ್ತದೆ. 1965ರಲ್ಲಿ ಟರ್ಹ್ಯೂನ್, ಮೇಕರ್, ಸ್ಯಾವೇಜ್ ಎಂಬ ಮೂವರು ಈ ಚೆದರಿದ ಬೆಳಕನ್ನು ದ್ರವಗಳಲ್ಲಿ ಅಳೆದರು. 1991ರಲ್ಲಿ ಬೆಲ್ಜಿಯಮ್ಮಿನ ಕ್ಲೇಸ್ ಮತ್ತು ಪರ್ಸೂನ್ಸ್ ಇದರಿಂದಲೇ, ದ್ರಾವಣದಲ್ಲಿರುವ ಅಣುವಿನ ಅರೇಖೀಯ ಗುಣ ಎಷ್ಟೆಂಬುದನ್ನು ಕಂಡುಹಿಡಿಯುವ ವಿಧಾನವನ್ನು ರೂಢಿಸಿದರು. ಅಣುಗಳನ್ನು ಸಾಲಾಗಿ ನಿಲ್ಲಿಸುವ ತೊಂದರೆಯೇ ಅದಕ್ಕೆ ಬೇಕಿಲ್ಲ.

ಇದೆಲ್ಲ ಪಂಡಿತರ ವಿನೋದವೆಂದು ಯಾರೂ ಭಾವಿಸಬೇಕಾಗಿಲ್ಲ. ಅಧ್ಯಾಪಕರು ಪರದೆಯ ಮೇಲೆ ತೋರಿಸಲು ಹಿಡಿಯುವ ಹಸಿರು ಲೇಸರುಗಳಲ್ಲಿ ಅನೇಕವು 1064 ನ್ಯಾನೋಮೀಟರಿನ ಕಾಣದ ಬೆಳಕನ್ನು ಪುಟ್ಟ ಸ್ಫಟಿಕವೊಂದರಿಂದ 532ರ ಹಸಿರಾಗಿ ಮಾರ್ಪಡಿಸುತ್ತವೆ. ಅಳಿಸಿಹೋದ ಚುಕ್ಕೆಯ ವಂಶ ಹೀಗೆ ನಮ್ಮ ತರಗತಿಯವರೆಗೂ ಬೆಳೆದಿದೆ.

ಕೊನೆಯದಾಗಿ, ಪ್ರಯೋಗಶಾಲೆಗೆ ಹೋಗುವ ಮಿತ್ರರಿಗೆ ಒಂದು ಮಾತು. ಓಮನ ನಿಯಮದ ಗ್ರಾಫಿನಲ್ಲಿ ಒಂದು ಬಿಂದು ಸರಳರೇಖೆಯಿಂದ ಆಚೆಗೆ ನಿಂತರೆ, ಅದನ್ನು ರಬ್ಬರಿನಿಂದ ಉಜ್ಜಿಬಿಡುವ ಆಸೆ ಸಹಜ. ಅಂಕಗಳ ಭಯವೂ ಉಂಟು. ಬಹುಮಟ್ಟಿಗೆ ಅದು ಅಳತೆಯ ದೋಷವೇ ಇದ್ದೀತು. ಆದರೆ ಅದು ತಿಳಿಯುವುದು ಮತ್ತೊಮ್ಮೆ ಅಳೆದಾಗ, ಅಳಿಸಿದಾಗಲ್ಲ. ಅಧ್ಯಾಪಕರಲ್ಲಿಯೂ ನನ್ನದೊಂದು ವಿನಂತಿಯಿದೆ: ಅಂತಹ ಬಿಂದುವನ್ನು ಇದ್ದಂತೆಯೇ ಉಳಿಸಿಕೊಂಡು ಬಂದ ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ದಯವಿಟ್ಟು ಅಂಕ ಕಳೆಯಬೇಡಿ, ಇನ್ನೊಮ್ಮೆ ಅಳೆದು ನೋಡೆಂದು ಹೇಳಿ.