ಟೊಂಕಕ್ಕೊಂದು ತೂಕದ ಲೆಕ್ಕ

ಗಬ್ಬೂರು, ದೇವದುರ್ಗ, ಮಾನ್ವಿ ಕಡೆಯ ಭತ್ತ, ತೊಗರಿ ರಾಯಚೂರಿನ ಮಾರುಕಟ್ಟೆ ಸೇರುವ ಹೊತ್ತಿಗೆ ಎಷ್ಟೋ ಸಲ ಹಮಾಲರ ಬೆನ್ನೇರಿ ಇಳಿದಿರುತ್ತವೆ. ಯಾವ ಭಾರ ಎತ್ತಿದರೆ ಟೊಂಕ ಹಿಡಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದೇ? ಉತ್ತರ ಸಿಗಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ ದುಡಿಯುವವರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದು, ರೋಗಿಯ ಕಸುಬು ಯಾವುದೆಂದು ವೈದ್ಯರು ಕೇಳಲೇಬೇಕು ಎಂದ. 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್, ಬೆನ್ನೆಲುಬಿನ ನಡುವಿನ ಡಿಸ್ಕ್ ಬಿರಿದು ನರವನ್ನು ಒತ್ತಿದಾಗ ನೋವು ಕಾಲಿಗಿಳಿಯುತ್ತದೆಂದು ತೋರಿಸಿದರು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಬದುಕಿರುವವರ ಡಿಸ್ಕಿಗೇ ಸೂಜಿ ಇಳಿಸಿ ಒಳಗಿನ ಒತ್ತಡ ಅಳೆದರು. ಮಲಗಿದಾಗ ಕಡಿಮೆ, ನಿಂತಾಗ ಹೆಚ್ಚು, ಭಾರ ಹಿಡಿದು ಮುಂದಕ್ಕೆ ಬಾಗಿದಾಗ ಮತ್ತೂ ಹೆಚ್ಚು.

ಇನ್ನೊಂದು ದಾರಿ ಹಿಡಿದವರು ಸಂಶೋಧಕ ಸ್ಟೋವರ್ ಸ್ನೂಕ್. ದಣಿಯದೆ ದಿನವಿಡೀ ಎಷ್ಟು ಎತ್ತಬಲ್ಲಿರಿ ಎಂದು ಕೆಲಸಗಾರರಿಂದಲೇ ತೂಕ ಗೊತ್ತುಮಾಡಿಸಿದರು. ದುಡಿಯುವವನ ಮೈ ಹೇಳುವ ಮಾತಿಗೆ ಪ್ರಯೋಗಾಲಯದಲ್ಲಿ ಬೆಲೆ ಬಂತು.

ಇಂಥ ಎಳೆಗಳನ್ನೆಲ್ಲ ಕೂಡಿಸಿ ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಷ್ 1981ರಲ್ಲಿ ಒಂದು ಸೂತ್ರ ಕಟ್ಟಿತು. ಅದನ್ನು 1991ರಲ್ಲಿ ತಿದ್ದಿತು. ತಿದ್ದಿದ ಸೂತ್ರವನ್ನು ಥಾಮಸ್ ವಾಟರ್ಸ್, ಅರುಣ್ ಗರ್ಗ್ ಮೊದಲಾದವರು 1993ರಲ್ಲಿ ಪ್ರಕಟಿಸಿದರು. ಎಲ್ಲ ಅನುಕೂಲವಿದ್ದರೂ ಮಿತಿ 23 ಕೆ.ಜಿ. ಭಾರ ಮೈಯಿಂದ ದೂರವಾದಂತೆ, ನೆಲಕ್ಕೆ ಹತ್ತಿರವಾದಂತೆ, ಮೈ ತಿರುಚಿದಂತೆ, ಹಿಡಿತ ಸಡಿಲಾದಂತೆ, ಮತ್ತೆಮತ್ತೆ ಎತ್ತಿದಂತೆ ಮಿತಿ ಇಳಿಯುತ್ತದೆ.

ನಮ್ಮ ಭತ್ತದ ಚೀಲಕ್ಕೆ ಈ ಸೂತ್ರವನ್ನು ಹಚ್ಚಿ ನೋಡೋಣ. ಕೈ ನೆಲದಿಂದ 25 ಸೆಂ.ಮೀ. ಮೇಲಿದೆ, ಕಾಲಿನ ಹರಡಿನಿಂದ 40 ಸೆಂ.ಮೀ. ಮುಂದಿದೆ, 75 ಸೆಂ.ಮೀ. ಎತ್ತಬೇಕು, ಚೀಲಕ್ಕೆ ಹಿಡಿಕೆಯಿಲ್ಲ. ಅಪರೂಪಕ್ಕೊಮ್ಮೆ ಎತ್ತಿದರೂ ಮಿತಿ 10 ಕೆ.ಜಿ. ಒಳಗೇ. ಎತ್ತುವುದು 50 ಕೆ.ಜಿ. ಚೀಲವಾದರೆ ಮಿತಿಗಿಂತ ಐದು ಪಟ್ಟು. ಮೂರು ಪಟ್ಟು ದಾಟಿದರೇ ಅಪಾಯ ಬಹಳವೆಂದು ತಜ್ಞರು ಎಣಿಸುತ್ತಾರೆ. ಅದೇ ಚೀಲವನ್ನು ಸೊಂಟದೆತ್ತರದ ಕಟ್ಟೆಯ ಮೇಲಿಟ್ಟು, ಮೈಗೆ ಹತ್ತಿಸಿಕೊಂಡು 25 ಸೆಂ.ಮೀ. ಮಾತ್ರ ಎತ್ತಿದರೆ ಮಿತಿ ಸುಮಾರು 20 ಕೆ.ಜಿ. ಆಗುತ್ತದೆ. ಮಿತಿ ಮೀರುವ ಪಟ್ಟು ಸುಮಾರು ಅರ್ಧಕ್ಕಿಳಿಯಿತು, ಆದರೆ ಚೀಲ ಇನ್ನೂ ಭಾರವೇ.

ಈ ಸೂತ್ರ ನಿಂತು ಎರಡೂ ಕೈಯಿಂದ ಎತ್ತುವ ಕೆಲಸಕ್ಕಷ್ಟೇ. ಬೆನ್ನ ಮೇಲೆ ಹೊತ್ತು ಲಾರಿಯ ಹಲಗೆ ಹತ್ತುವ ಹಮಾಲನ ದುಡಿಮೆ ಇದರ ಅಳತೆಗೆ ಸಿಗುವುದಿಲ್ಲ. ಆದರೂ, ಗಾಯವಾಗುವಷ್ಟು ಭಾರವನ್ನು ಕಾರ್ಖಾನೆಯಲ್ಲಿ ಯಾರಿಂದಲೂ ಎತ್ತಿಸಬಾರದೆಂದು ನಮ್ಮ ದೇಶದ ಕಾರ್ಖಾನೆ ಕಾಯಿದೆ 1948ರಲ್ಲೇ ಹೇಳಿತು. ಅಡತಿಯವರು, ಗಿರಣಿಯವರು ಚೀಲ ಚಿಕ್ಕದು ಮಾಡಲಿ, ಕಟ್ಟೆ ಎತ್ತರಿಸಲಿ, ಕೈಗಾಡಿ ಕೊಡಲಿ. ಎತ್ತುವ ಭಾರದ ಅಳತೆಯಾದರೂ ಗೊತ್ತಾದ ಮೇಲೂ ಟೊಂಕನೋವನ್ನು ಹಮಾಲನ ಹಣೆಬರಹ ಎನ್ನುವುದು ಅನ್ಯಾಯ.